ಹನ್ನೆರಡೂವರೆ ವೋಲ್ಟ್

ಇದನ್ನು ಹೇಳುವಷ್ಟು ಓದಿದವನು ನಾನಲ್ಲ, ತಪ್ಪಿದ್ದರೆ ಕ್ಷಮಿಸಿ.

ಗಂಡ ತೀರಿಕೊಂಡ ಹದಿನೈದು ದಿನಕ್ಕೆ, ನಮಗೆ ಎಲೆಕ್ಟ್ರಿಕಲ್ ಪಾಠ ಮಾಡುವ ಮೇಡಂ ಮತ್ತೆ ಸಂಜೆ ಪಾಲಿಟೆಕ್ನಿಕ್ಕಿಗೆ ಬಂದರು. ಕರೆಂಟು ಹೋದಾಗ ಇನ್ವರ್ಟರ್ ಬ್ಯಾಟರಿಯೂ ಕೈಕೊಟ್ಟು, ಮನೆಯಲ್ಲಿ ಗಂಡನಿಗೆ ಹಾಕಿದ್ದ ಆಕ್ಸಿಜನ್ ಯಂತ್ರ ನಿಂತಿತ್ತು. ಅದರ ಹಿಂದಿನ ದಿನವಷ್ಟೇ ಆ ಬ್ಯಾಟರಿಗೆ ಮೀಟರ್ ಹಿಡಿದು, "ಹನ್ನೆರಡೂವರೆ ವೋಲ್ಟ್ ಇದೆ, ಚಿಂತೆ ಬಿಡಿ ಮೇಡಂ" ಎಂದಿದ್ದವನು ಕೊನೆಯ ಬೆಂಚಿನ ಮಾದೇಶ.

ಮೇಡಂ ಬೋರ್ಡಿನ ಮೇಲೆ ಥೆವೆನಿನ್ ಪ್ರಮೇಯ ಬರೆದರು.

"ಒಳಗೆ ಎಷ್ಟೇ ಸಿಕ್ಕಾಗಿರ್ಲಿ, ಹೊರಗಿಂದ ನೋಡಿದ್ರೆ ಒಂದು ವೋಲ್ಟೇಜು, ಒಂದು ರೆಸಿಸ್ಟೆನ್ಸು, ಅಷ್ಟೇ. ಬ್ಯಾಟರಿನೂ ಹಾಗೇನೇ. ಹಳೇದಾದ್ರೆ ಒಳಗಿನ ರೆಸಿಸ್ಟೆನ್ಸ್ ಏರುತ್ತೆ. ಬರೀ ಮೀಟರ್ ಹಿಡಿದ್ರೆ ವೋಲ್ಟೇಜ್ ಸರಿಯಾಗೇ ಕಾಣುತ್ತೆ. ಯಂತ್ರ ಓಡಿಸೋ ಲೋಡ್ ಬಿದ್ದ ತಕ್ಷಣ ಕುಸಿಯುತ್ತೆ."

ಮಾದೇಶ ಕೇಳಿದ, "ಅದನ್ನ ಮೊದ್ಲೇ ಕಂಡುಹಿಡಿಯೋಕಾಗಲ್ವಾ ಮೇಡಂ?"

"ಆಗುತ್ತೆ. ಒಂದು ಬಲ್ಬ್ ಹಚ್ಚಿ ಅಳೆದ್ರೆ ಸಾಕು. ಎರಡು ನಿಮಿಷದ ಕೆಲಸ."

"ಪರೀಕ್ಷೆಗೆ ಬರುತ್ತಾ ಮೇಡಂ?" ಎಂದ ಮುಂದಿನ ಬೆಂಚಿನವನೊಬ್ಬ. ಯಾರೂ ನಗಲಿಲ್ಲ.

ಮಾದೇಶ ಎದ್ದು ನಿಂತ. "ಮೇಡಂ, ಅವತ್ತು ನಾನು..."

"ಕೂತ್ಕೋ ಮಾದೇಶ. ಈ ಪಾಠ ಹೋದ ತಿಂಗಳೇ ಆಗ್ಬೇಕಿತ್ತು. ನಮ್ಮನೆಯವರನ್ನ ನೋಡ್ಕೊಳ್ಳೋಕೆ ಅಂತ ರಜೆ ಹಾಕಿದ್ದೋಳು ನಾನೇ."

ಪಾಠ ಆಗಿದ್ದರೂ ಅವನು ಬಲ್ಬ್ ಹಚ್ಚಿ ನೋಡುತ್ತಿದ್ದನೇ? ನನಗೆ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ.