ಕ್ಯಾಪ್ಟನ್ ಜಾಗದಲ್ಲಿ

ತರಬೇತುದಾರ ಶಶಿಕುಮಾರ ಸಿನಿಮಾವನ್ನು ಸರಿಯಾಗಿ ಅಲ್ಲೇ ನಿಲ್ಲಿಸಿದ. ಪರದೆಯ ಮೇಲೆ ನಡುಸಮುದ್ರದಲ್ಲಿ ಕೆಟ್ಟು ನಿಂತ ದೋಣಿ. ಎಲ್ಲರಿಗೂ ಅಳೆದು ಕೊಡುತ್ತಿದ್ದ ಕುಡಿಯುವ ನೀರನ್ನು ಕದಿಯುತ್ತಿರುವವನು ದೋಣಿ ಮಾಲೀಕನ ಮಗ. ಅದು ಕ್ಯಾಪ್ಟನ್‌ಗೆ ಮಾತ್ರ ಗೊತ್ತು.

"ಈಗ ನೀವೇ ಕ್ಯಾಪ್ಟನ್. ಏನು ಮಾಡ್ತೀರಿ?"

ಚಾಮರಾಜನಗರದಲ್ಲಿ ಹಾಲಿನ ಸಂಘದವರಿಗೆ ನಾಯಕತ್ವ ತರಬೇತಿ ಶುರುವಾಗಿ ಅಂದಿಗೆ ಮೂರನೆಯ ದಿನ. ಐದಕ್ಕೆ ಮುಗಿಯಬೇಕಿದ್ದದ್ದು ಐದೂವರೆಯಾದರೂ ಮುಗಿದಿರಲಿಲ್ಲ. ಆಕಳಿಕೆಗಳ ನಡುವೆ ಗುರುಮಲ್ಲಮ್ಮ ಎದ್ದು ನಿಂತಳು. ಬೇಗೂರಿನ ಪಕ್ಕದ ಊರಿನ ಸಂಘಕ್ಕೆ ಅವಳು ಅಧ್ಯಕ್ಷೆ.

"ಯಾರ ಮಗನಾದ್ರೇನ ಸಾ? ಎಲ್ರ ಮುಂದ ಹೇಳ್ಬುಡ್ಬೇಕು. ಮೊಕ ನೋಡ್ಕಂಡು ನ್ಯಾಯ ಮಾಡಾದಾದ್ರ ಕ್ಯಾಪ್ಟನ್ ಯಾಕ?"

ಚಪ್ಪಾಳೆ ಬಿತ್ತು. ಪಕ್ಕದಲ್ಲಿದ್ದ ಅದೇ ಸಂಘದ ಕಾರ್ಯದರ್ಶಿ ವನಿತಾಳ ಫೋನು ಗುಂಯ್‌ಗುಟ್ಟಿತು. ಅವಳು ಹೊರಗೆ ಹೋದಳು.

ಊರಿನ ಡೇರಿಯಲ್ಲಿ ಹಾಲು ಪರೀಕ್ಷಿಸುವ ಬೃಂದಾ ಫೋನಿನಲ್ಲಿ ಪಿಸುಗುಟ್ಟಿದಳು. "ಅಕ್ಕಾ, ಅಧ್ಯಕ್ಷರ ಮನೆ ಹಾಲು ಲ್ಯಾಕ್ಟೋಮೀಟ್ರಲ್ಲಿ ಇವತ್ತೂ ಇಪ್ಪತ್ತೆರಡೇ ತೋರ್ತಾ ಅದ. ಬರೀ ನೀರು ಕಣಕ್ಕ. ಸೊಸೆ ಮುಂದೇ ನಿಂತವ್ಳ. ಕ್ಯಾನ್‌ಗ ಸುರೀಲಾ, ಬ್ಯಾಡ್ವಾ?"

ಹೋದ ವಾರ ಇದೇ ಕಾರಣಕ್ಕೆ ಒಕ್ಕೂಟದಿಂದ ಕ್ಯಾನು ವಾಪಸ್ಸು ಬಂದಿತ್ತು. ಅರವತ್ತು ಮನೆಯ ಹಾಲು ಚರಂಡಿಗೆ ಹೋಗಿತ್ತು. ನೀರುಹಾಲು ಇನ್ನೊಮ್ಮೆ ಬಂದರೆ ಊರಿಗೆ ಹಾಲಿನ ಗಾಡಿಯನ್ನೇ ನಿಲ್ಲಿಸುವುದಾಗಿ ಒಕ್ಕೂಟದವರು ಹೇಳಿದ್ದರು. ವನಿತಾಳ ಕೆಲಸ ಖಾಯಂ ಆಗುವ ಠರಾವಿಗೆ ಸೋಮವಾರ ಗುರುಮಲ್ಲಮ್ಮನ ಸಹಿ ಬೀಳಬೇಕಿತ್ತು.

ಬಾಗಿಲ ಸಂದಿನಲ್ಲಿ, ನಿಂತ ಪರದೆಯ ಮೇಲೆ, ಕ್ಯಾಪ್ಟನ್ ಕಾಣುತ್ತಿದ್ದ, ಬಾಯಿ ಅರ್ಧ ತೆರೆದು.

"ಅಕ್ಕಾ, ಜನ ಸಾಲಾಗಿ ನಿಂತವ್ರ. ಬಿರ್‍ನೆ ಹೇಳು."

"ಸುರ್‍ಕೊಂಡ್ಬುಡು."

"ಎಲ್ರದೂ ಕೆಡ್ತದ ಕಣಕ್ಕ..."

"ಸುರ್‍ಕೊ ಅಂದ್ನಲ್ಲ ಬೃಂದಾ."

ವನಿತಾ ಒಳಗೆ ಬಂದು ಕೂತಾಗ ಸಿನಿಮಾ ಮತ್ತೆ ಓಡುತ್ತಿತ್ತು. ಕ್ಯಾಪ್ಟನ್ ಎಲ್ಲರೆದುರು ಮಾಲೀಕನ ಮಗನ ಕೈಯಿಂದ ಲೋಟ ಕಿತ್ತುಕೊಂಡ. ಮತ್ತೆ ಚಪ್ಪಾಳೆ. ವನಿತಾಳೂ ತಟ್ಟಿದಳು.

"ಯಾರ್ದಮ್ಮಿ ಫೋನು?" ಗುರುಮಲ್ಲಮ್ಮ ಕೇಳಿದಳು.

"ಬೃಂದಾದು ಕಣವ್ವ. ಹಾಲು ಹಾಕುಸ್ಕೊತಾವ್ಳಂತ."

"ಎಲ್ರದೂವಾ?"

"ಎಲ್ರದೂವ."

"ನಮ್ಮನೇದು?"

"ನಿಮ್ಮನೇದೂವ."

ಗುರುಮಲ್ಲಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಗಂಡ್ಸಂದ್ರ ಅವ್ನು ನೋಡು," ಅಂದಳು.

ಕೊನೆಗೆ ಶಶಿಕುಮಾರ ಒಂದೊಂದು ಹಾಳೆ ಹಂಚಿದ. ‘ಕ್ಯಾಪ್ಟನ್ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?’ ಗುರುಮಲ್ಲಮ್ಮ, ಸಂಘದ ಎಲ್ಲ ಕಾಗದಗಳಂತೆ, ತನ್ನ ಹಾಳೆಯನ್ನೂ ವನಿತಾಳ ಕಡೆ ಸರಿಸಿದಳು.

"ನಂದೂ ನೀನೇ ಬರ್ದ್ಬುಡು ಕಣಮ್ಮಿ. ಆಗ್ಲೇ ಹೇಳ್ದ್ನಲ್ಲ, ಅದ್ನೇಯ."

ವನಿತಾ ಒಂದು ಮಾತೂ ಬಿಡದೆ ಬರೆದಳು. ಗುರುಮಲ್ಲಮ್ಮ ಕೆಳಗೆ ಸಹಿ ಹಾಕಿದಳು. ಆಮೇಲೆ ವನಿತಾ ತನ್ನ ಹಾಳೆ ಎಳೆದುಕೊಂಡು ಹೆಸರು, ಊರು, ತಾರೀಕು ಮಾತ್ರ ಬರೆದು ಪೆನ್ನಿನ ಮುಚ್ಚಳ ಹಾಕಿದಳು.