ಕುಂಬಳದ ಹೂವಿಗೆ ಇಬ್ಬರು ಬೇಕೆ

ಈ ಮನುಷ್ಯನಿಗೆ ತೋಟವೇ ಇಲ್ಲ ಎಂಬ ಅನುಮಾನ ಅವಳಿಗೆ ಮೂರನೆಯ ಕರೆಯಲ್ಲೇ ಬಂದಿತ್ತು.

ತೋಟಗಾರಿಕೆ ಕಚೇರಿಯ ಸಹಾಯವಾಣಿಯಲ್ಲಿ ಕೂತು ಜನರ ಬದನೆ, ಬೆಂಡೆಗಳ ಕಷ್ಟಸುಖ ಕೇಳುವುದು ಅವಳ ಕೆಲಸ. ಈತ ದಿನಾ ಹತ್ತು ಗಂಟೆಗೆ ಸರಿಯಾಗಿ ಫೋನು ಮಾಡುತ್ತಿದ್ದ. ಟೊಮೆಟೊ ಎಲೆ ಮುದುಡಿದೆ ಎಂದ. ಎಲೆಯ ಅಡಿಯಲ್ಲಿ ಬಿಳಿ ನೊಣ ಇದೆಯೇ ಎಂದರೆ, ನಾಳೆ ನೋಡಿ ಹೇಳುತ್ತೇನೆ ಎಂದ. ಸ್ವಂತ ಹಿತ್ತಿಲಿಗೆ ಹೋಗಲು ನಾಳೆಯವರೆಗೆ ಕಾಯುವವನು ಎಂಥವನು?

ಎರಡು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುವ ಊರು. ಬುಡಕ್ಕೆ ಒಣ ಎಲೆ ಹೊದಿಸಿ ಎಂದಳು. ಗಿಡದ ಪಕ್ಕ ಮಣ್ಣಿನ ಮಡಕೆ ಹೂತು, ನೀರು ತುಂಬಿ ಮುಚ್ಚಿಟ್ಟರೆ, ಅದೇ ಜಿನುಗುತ್ತ ಬೇರಿಗೆ ಸಾಲುತ್ತದೆ ಎಂದಳು. ಆತ ಒಂದಕ್ಷರ ಬಿಡದೆ ಬರೆದುಕೊಂಡ.

ಕುಂಬಳದ ಬಳ್ಳಿ ಕಾಯಿ ಕಚ್ಚುತ್ತಿಲ್ಲ ಎಂಬ ದೂರು ಬಂದ ದಿನ, ಬೆಳಿಗ್ಗೆ ಬೇಗ ಎದ್ದು ಗಂಡು ಹೂವನ್ನು ಹೆಣ್ಣು ಹೂವಿಗೆ ಸವರಲು ಹೇಳಿದಳು. ಆತ ಅದನ್ನೂ ಬರೆದುಕೊಂಡು ಕೇಳಿದ.

"ಇದಕ್ಕೆ ಒಬ್ಬರು ಸಾಕಾ, ಇಬ್ಬರು ಬೇಕಾ?"

"ಒಬ್ಬರೇ ಸಾಕು."

ಆತನಿಗೆ ನಿರಾಸೆಯಾದಂತಿತ್ತು.

ಈತ ಯಾರೆಂದು ಅವಳಿಗೆ ಹೊಳೆಯಿತು. ವಾರಪತ್ರಿಕೆಯಲ್ಲಿ ತೋಟದ ಅಂಕಣ ಬರೆಯುವ ಮಹಾಶಯ! ಅವಳ ಮಾತು ಕದ್ದು ತನ್ನದೆಂದು ಅಚ್ಚು ಹಾಕಿಸುತ್ತಿದ್ದಾನೆ.

ಭಾನುವಾರ ಅಮ್ಮನ ಮನೆಗೆ ಹೋದಾಗ ಅನುಮಾನ ಗಟ್ಟಿಯಾಯಿತು. ಅಮ್ಮ ನರ್ಸ್ ಆಗಿ ನಿವೃತ್ತಳಾದವಳು. ಇಡೀ ವಾರ್ಡನ್ನು ಕಣ್ಣಲ್ಲೇ ಹದ್ದುಬಸ್ತಿನಲ್ಲಿಟ್ಟವಳು. ಮಗಳು ತಂದುಕೊಟ್ಟ ಮೆಣಸಿನ ಸಸಿ ಒಮ್ಮೆ ಸತ್ತದ್ದೇ ನೆಪ, ಆ ಮನೆಯಲ್ಲಿ ಗಿಡದ ಬಗ್ಗೆ ಮಗಳು ಬಾಯಿ ತೆರೆಯುವಂತಿರಲಿಲ್ಲ. ಈಗ ಹಿತ್ತಿಲ ತುಂಬ ಹಸಿರು, ಬುಡಬುಡಕ್ಕೂ ಹೂತ ಮಡಕೆ.

"ಈ ಸಲ ತಿಳಿದವರನ್ನ ಕೇಳಿ ಬೆಳೆಸಿದೆ" ಎಂದು ಅಮ್ಮ ಚುಚ್ಚಿದಳು.

ತಿಳಿದವರಂತೆ! ಆ ಅಂಕಣಕಾರನನ್ನೇ ಕೇಳಿರಬೇಕೆಂದು ಮಗಳ ಹೊಟ್ಟೆ ಉರಿದುಹೋಯಿತು.

ಸೋಮವಾರ ಹತ್ತಕ್ಕೆ ಫೋನು ಬಂದಾಗ ನೇರವಾಗಿ ಕೇಳಿಬಿಟ್ಟಳು. "ಆ ತೋಟ ನಿಮ್ಮದಲ್ಲ ತಾನೆ?"

ಆತ ತಡವರಿಸಿ ಒಪ್ಪಿಕೊಂಡ. ಬಸ್ ಓಡಿಸಿ ನಿವೃತ್ತನಾದವನು, ಹೆಂಡತಿ ತೀರಿಕೊಂಡು ಒಂಬತ್ತು ವರ್ಷ, ಹುಲ್ಲಿಗೂ ಸೊಪ್ಪಿಗೂ ವ್ಯತ್ಯಾಸ ತಿಳಿಯದು. ಬೆಳಗಿನ ವಾಕಿಂಗಿನಲ್ಲಿ ಪರಿಚಯವಾದ ಒಬ್ಬರ ಮುಂದೆ, ತನಗೆ ಗಿಡಗಳ ನಾಡಿ ಗೊತ್ತೆಂದು ಕೊಚ್ಚಿಕೊಂಡುಬಿಟ್ಟಿದ್ದ. ಅಂದಿನಿಂದ ಇಲ್ಲಿ ಕೇಳಿದ್ದನ್ನು ಅಲ್ಲಿ ಒಪ್ಪಿಸುತ್ತಿದ್ದ. ನಿನ್ನೆ ಸಂಜೆ ಮದುವೆಯ ಮಾತೆತ್ತಿದ. ಅವರು ಒಪ್ಪಿದರು.

ಅವಳ ಸಿಟ್ಟು ಎಲ್ಲಿ ಹೋಯಿತೋ! ಒಬ್ಬರ ಪ್ರೀತಿಗೆ ಗೊಬ್ಬರ ಹಾಕಿದೆನಲ್ಲ ಎಂಬ ಹೆಮ್ಮೆಗೆ ಕಣ್ಣು ತೇವವಾಯಿತು. ಈ ವಯಸ್ಸಿನಲ್ಲಿ ಯಾರಿಗೂ ಹೆದರಬೇಕಾಗಿಲ್ಲ, ಅಡ್ಡ ಬಂದವರನ್ನು ಪಕ್ಕಕ್ಕೆ ಸರಿಸಿ ಮದುವೆಯಾಗಿ ಎಂದು ಹುರಿದುಂಬಿಸಿದಳು.

"ಒಂದೇ ತೊಡಕು ಮೇಡಂ" ಎಂದ ಆತ. "ಅವರಿಗೊಬ್ಬಳು ಮಗಳು. ಬಾಯಿ ಬಲು ಜೋರಂತೆ, ವಿಷಯ ಹೇಳೋಕೆ ಅವರಿಗೇ ಭಯ. ನಿಮ್ಮ ಆಫೀಸಲ್ಲೇ ಫೋನ್ ಎತ್ತೋ ಕೆಲಸವಂತೆ. ನಿಮಗೇನಾದ್ರೂ ಪರಿಚಯಾನಾ?"