ಬಟ್ಟಲಿಗೆ ಬಿದ್ದದ್ದು ತಿಳಿನೀರು

ಅಪ್ಪನ ಹಳೆಯ ಕಾರನ್ನು ಪರೀಕ್ಷಿಸಲೆಂದು ರೇಡಿಯೇಟರಿನ ಅಡಿಯ ನಲ್ಲಿ ತಿರುಗಿಸಿದ ಮಾರಿಟಳ ಕೈ ಅಲ್ಲೇ ನಿಂತಿತು. ಬಟ್ಟಲಿಗೆ ಚಳಿಗೆ ಹೆಪ್ಪುಗಟ್ಟದ ಹಸಿರು ಆಂಟಿಫ್ರೀಜ್ ದ್ರವ ಬೀಳಬೇಕಿತ್ತು, ಬಿದ್ದದ್ದು ತಿಳಿನೀರು. ಮಿನ್ನೆಸೋಟಾದ ಆ ವರ್ಷದ ಮೊದಲ ಕಡುಚಳಿ ಅಂದು ರಾತ್ರಿ ಮೈನಸ್ ಮೂವತ್ತಕ್ಕೆ ಇಳಿಯುವುದರಲ್ಲಿತ್ತು. ಈ ನೀರು ಹೆಪ್ಪುಗಟ್ಟಿದರೆ ತೊಂಬತ್ತು ವರ್ಷದ ಕಾರಿನ ಎಂಜಿನ್ ಸೀಳಿಹೋಗುತ್ತಿತ್ತು.

"ಅಪ್ಪಾ, ಆಂಟಿಫ್ರೀಜ್ ಹಾಕಿದೀನಿ ಅಂದ್ಯಲ್ಲ?"

"ಅಕ್ಟೋಬರಲ್ಲೇ ಹಾಕಿದೀನಿ. ಐವತ್ತು ವರ್ಷ ಈ ಊರಿನ ಕಾರೆಲ್ಲ ರಿಪೇರಿ ಮಾಡಿದೋನಿಗೆ ಪಾಠ ಹೇಳ್ತೀಯಾ?" ಎಂದು ನಗುತ್ತಲೇ ಓರ್ಲಿನ್ ಬಗ್ಗಿ ನೋಡಿದ. ನಗು ಮಾಯವಾಯಿತು. ಗ್ಯಾರೇಜಿನ ಕಪಾಟಿನತ್ತ ತಿರುಗಿದ. ಆಂಟಿಫ್ರೀಜಿನ ಎರಡು ಡಬ್ಬಿಗಳೂ ಸೀಲು ಒಡೆಯದೆ ಕೂತಿದ್ದವು.

"ಹೋಗ್ಲಿ ಬಿಡಪ್ಪಾ, ಯಾರೇ ಆದ್ರೂ ಮರೀತಾರೆ. ಎಂಜಿನ್ ಒಡೆಯೋಕೆ ಮುಂಚೆ ನೋಡಿದ್ವಲ್ಲ."

"ಮರೆತಿದ್ರೆ ಪರವಾಗಿರ್ಲಿಲ್ಲ ಕಣೇ," ಎಂದ ಓರ್ಲಿನ್ ಮೆಲ್ಲಗೆ. "ಡಬ್ಬಿ ಸೀಲು ಒಡೆದು ಸುರಿದಿದ್ದು ನಂಗೆ ಚೆನ್ನಾಗಿ ನೆನಪಿದೆ. ಅದೇ ಭಯ."

ನೀರೆಲ್ಲ ಬಸಿದುಹೋದ ಮೇಲೆ ಮಾರಿಟ ನಲ್ಲಿ ಮುಚ್ಚಿದಳು. ಆಮೇಲೆ ಅವನು ತಾನು ದಿನವೂ ಮೊಮ್ಮಕ್ಕಳನ್ನು ಸ್ಕೂಲಿಗೆ ಬಿಡಲು ಓಡಿಸುವ ಪಿಕಪ್ ಗಾಡಿಯ ಕೀಯನ್ನು ಜೇಬಿನಿಂದ ತೆಗೆದು ಮಗಳ ಒದ್ದೆ ಅಂಗೈಯಲ್ಲಿಟ್ಟ.

"ನಾಳೆಯಿಂದ ಮಕ್ಕಳನ್ನ ಸ್ಕೂಲಿಗೆ ನೀನೇ ಬಿಡು."